ನರ್ಸಮ್ಮನ ಕೈತಪ್ಪಲ್ಲ: ದೊಡ್ಡಪ್ಪನ ಇಂಜೆಕ್ಷನ್ ಮತ್ತು ರೈಬೋಸೋಮ್ ಅನ್ನೋ ಯಂತ್ರ

(ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡು, ಓದಲು ಅನುಕೂಲವಾಗುವಷ್ಟು ತಿದ್ದಲಾಗಿದೆ.)

ಶುರು ಮಾಡೋ ಮುಂಚೆ ಒಂದು ಸಣ್ಣ ಕೆಲಸ. ಬಸ್ಸಲ್ಲೋ ಗಾಡೀಲೋ ಇದ್ದರೆ ಬೇಡ, ಮನೇಲಿದ್ದರೆ ಮಾತ್ರ. ಎದ್ದು ನಿಂತು, ಎರಡೂ ಪಾದ ಜೋಡಿಸಿ, ಕಣ್ಣು ಮುಚ್ಚಿ. ಹತ್ತು ಸೆಕೆಂಡ್. ಸ್ವಲ್ಪ ಅತ್ತಿತ್ತ ತೂಗಿದಿರಿ, ಆದರೆ ಬೀಳಲಿಲ್ಲ, ಅಲ್ವಾ?

ನಮ್ಮ ದೊಡ್ಡಪ್ಪ ಬೀಳ್ತಾರೆ. ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಸಾಕು, ಗೋಡೆ ಹಿಡ್ಕೋಬೇಕು. ಕರೆಂಟ್ ಹೋದರೆ ಕೂತಲ್ಲೇ ಕೂತಿರ್ತಾರೆ. ಅವರು ತಿಪಟೂರು ಕಡೆ ಒಂದು ಪ್ರೈವೇಟ್ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಓಡೋ ಬಸ್ಸಲ್ಲಿ ಏನೂ ಹಿಡಿಯದೆ ನಿಂತು, ಬೆರಳ ಸಂದಿಯಲ್ಲಿ ನೋಟು ಮಡಚಿಟ್ಟುಕೊಂಡು ಟಿಕೆಟ್ ಹರೀತಿದ್ದ ಮನುಷ್ಯ. 2004ರಲ್ಲಿ ಟಿಬಿ ಎರಡನೇ ಸಲ ಬಂತು. ನನಗಾಗ ಏಳು ವರ್ಷ. ಮಾತ್ರೆ ಜೊತೆಗೆ ವಾರಕ್ಕೆ ಮೂರು ದಿನದ ಹಾಗೆ ಎರಡು ತಿಂಗಳು ಸೊಂಟಕ್ಕೆ ಇಂಜೆಕ್ಷನ್ ಕೊಟ್ಟರು. ಟಿಬಿ ಹೋಯ್ತು. ಅದರ ಜೊತೆ ದೊಡ್ಡಪ್ಪನ ನಿಲ್ಲೋ ಶಕ್ತಿನೂ ಹೋಯ್ತು. ಕಂಡಕ್ಟರ್ ಕೆಲಸ ಬಿಟ್ಟು ಊರ ಬಾಗಿಲಲ್ಲಿ ಗೂಡಂಗಡಿ ಇಟ್ಟರು.

ನಮ್ಮ ಮನೇಲಿ ಇದಕ್ಕೆ ಒಂದೇ ವಿವರಣೆ ಇತ್ತು: "ಆ ನರ್ಸಮ್ಮ ನರಕ್ಕೆ ಚುಚ್ಚಿಬಿಟ್ಲು." ಇಪ್ಪತ್ತು ವರ್ಷ ಎಲ್ಲರೂ ಇದನ್ನೇ ಹೇಳಿದ್ದು. ನಾನೂ ಹೇಳಿದ್ದೀನಿ.

ಆ ಇಂಜೆಕ್ಷನ್ ಹೆಸರು ಸ್ಟ್ರೆಪ್ಟೊಮೈಸಿನ್. ಹಳೇ ಚೀಟಿಯೊಂದರಲ್ಲಿ ಹೆಸರು ಸಿಕ್ಕಿ, ಅದು ಮೈಯೊಳಗೆ ಹೋಗಿ ಏನು ಮಾಡುತ್ತೆ ಅಂತ ಓದೋಕೆ ಕೂತೆ. ಹೇಳಿಬಿಡ್ತೀನಿ, ನಾನು ಬಿ.ಕಾಂ., ಬಯಾಲಜಿ ಕೊನೆಗೆ ಓದಿದ್ದು ಎಸ್ಸೆಸ್ಸೆಲ್ಸಿಯಲ್ಲಿ. ಎರಡು ವರ್ಷ ಒಂದು ಆಡಿಟ್ ಕಚೇರಿಯಲ್ಲಿ ವೋಚರ್ ಟಿಕ್ ಮಾಡಿದ್ದೀನಿ, ಅಷ್ಟೇ ನನ್ನ ಅರ್ಹತೆ. ಆದರೆ ಓದ್ತಾ ಓದ್ತಾ ಗೊತ್ತಾಗಿದ್ದು ಏನು ಅಂದ್ರೆ, ಈ ಕತೆಯಲ್ಲಿ ಎಡವಟ್ಟಾಗಿರೋದೂ ಒಂಥರಾ ವೋಚರ್ ಟಿಕ್ ಮಾಡೋ ಜಾಗದಲ್ಲೇ.

ಮೊದಲಿಂದ ಹೇಳ್ತೀನಿ. ನಮ್ಮ ಮೈಯಲ್ಲಿ ಕೆಲಸ ಮಾಡೋದು ಬಹುಪಾಲು ಪ್ರೊಟೀನುಗಳು. ರಕ್ತದಲ್ಲಿ ಆಮ್ಲಜನಕ ಹೊರೋದು, ಊಟ ಜೀರ್ಣ ಮಾಡೋದು, ಸ್ನಾಯು ಎಳೆಯೋದು, ಎಲ್ಲ ಅವುಗಳದ್ದೇ. ಒಂದೊಂದು ಪ್ರೊಟೀನೂ ಅಮೈನೋ ಆಮ್ಲ ಅನ್ನೋ ಮಣಿಗಳನ್ನ ಸಾಲಾಗಿ ಪೋಣಿಸಿದ ಸರ. ಮಣಿಗಳಲ್ಲಿ 20 ಥರ. ಯಾವುದಾದ ಮೇಲೆ ಯಾವುದು ಅನ್ನೋ ಪಟ್ಟಿ ಡಿಎನ್‌ಎಯಲ್ಲಿದೆ. ಆ ಪಟ್ಟಿಯ ಒಂದು ಭಾಗದ ನಕಲು ತೆಗೆದು ಹೊರಗೆ ಕಳಿಸ್ತಾರೆ, ಅದಕ್ಕೆ ಮೆಸೆಂಜರ್ ಆರ್‌ಎನ್‌ಎ ಅಂತ ಹೆಸರು. ಕೋವಿಡ್ ಲಸಿಕೆ ಸಮಯದಲ್ಲಿ ಎಂಆರ್‌ಎನ್‌ಎ ಅಂತ ಕೇಳಿದ್ರಲ್ಲ, ಅದೇ.

ಈಗ ತೊಂದರೆ ನೋಡಿ. ನಕಲು ಬರೆದಿರೋದು ನಾಲ್ಕೇ ಅಕ್ಷರದಲ್ಲಿ: ಎ, ಯು, ಜಿ, ಸಿ. ಮಣಿಗಳು 20. ಒಂದು ಅಕ್ಷರಕ್ಕೆ ಒಂದು ಮಣಿ ಅಂದ್ರೆ ನಾಲ್ಕೇ ಆಗುತ್ತೆ. ಎರಡಕ್ಷರ ಜೋಡಿಸಿದ್ರೆ 16. ಮೂರು ಸೇರಿಸಿದ್ರೆ 64, ಸಾಕಾಗಿ ಮಿಗುತ್ತೆ. ಹಾಗಾಗಿ ಓದೋದು ಮೂರು ಮೂರು ಅಕ್ಷರ ಸೇರಿಸಿ. ಆ ಮೂರರ ಗುಂಪಿಗೆ ಕೋಡಾನ್ ಅಂತಾರೆ. ಯುಯುಯು ಅಂತಿದ್ರೆ ಫಿನೈಲಲನೈನ್ ಅನ್ನೋ ಮಣಿ. ಮೊದಲು ಬಯಲಾಗಿದ್ದೇ ಈ ಪದ, 1961ರಲ್ಲಿ, ಅಮೆರಿಕದ ಮಾರ್ಷಲ್ ನಿರೆನ್‌ಬರ್ಗ್ ಮತ್ತು ಅವರ ಜೊತೆಗಿದ್ದ ಜರ್ಮನಿಯ ಹೈನ್ರಿಕ್ ಮಥಾಯ್ ಕೈಯಲ್ಲಿ. ಉಳಿದ ಪದಗಳನ್ನ ಬಿಡಿಸಿದವರಲ್ಲಿ ನಮ್ಮ ಹರಗೋಬಿಂದ್ ಖೊರಾನಾ ಒಬ್ಬರು. 1968ರ ನೊಬೆಲ್ ನಿರೆನ್‌ಬರ್ಗ್, ಖೊರಾನಾ ಮತ್ತು ರಾಬರ್ಟ್ ಹಾಲಿ ಅನ್ನೋರಿಗೆ ಸೇರಿ ಬಂತು. ಹಾಲಿ ಹೆಸರು ನೆನಪಿಟ್ಟುಕೊಳ್ಳಿ.

ಸರಿ, ಯುಯುಯು ಅಂದ್ರೆ ಇಂಥಾ ಮಣಿ. ಆದರೆ ಇದು ಯಾರಿಗೆ ಗೊತ್ತು? ಯುಯುಯು ಅನ್ನೋ ಅಕ್ಷರಗಳಿಗೂ ಆ ಮಣಿಗೂ ನೋಡೋಕೆ ಯಾವ ಹೋಲಿಕೆನೂ ಇಲ್ಲ. ಎರಡು ಬೇರೆ ಬೇರೆ ಭಾಷೆ. ಅದಕ್ಕೇ ಈ ಕೆಲಸಕ್ಕೆ ಟ್ರಾನ್ಸ್‌ಲೇಷನ್, ಅನುವಾದ, ಅಂತ ಹೆಸರಿಟ್ಟಿದ್ದು. ಎರಡೂ ಭಾಷೆ ಬಲ್ಲವರು ಯಾರಾದ್ರೂ ನಡುವೆ ಇರಲೇಬೇಕು. ಫ್ರಾನ್ಸಿಸ್ ಕ್ರಿಕ್ 1955ರಲ್ಲೇ, ಕಣ್ಣಲ್ಲಿ ನೋಡೋಕೆ ಮುಂಚೆ, ಇಂಥಾ ಒಂದು ನಡುವಿನ ಅಣು ಇರಬೇಕು ಅಂತ ಊಹಿಸಿ ಗೆಳೆಯರಿಗೆ ಬರೆದು ಹಂಚಿದ್ದರು. ಸ್ವಲ್ಪ ದಿನದಲ್ಲೇ ಅದು ಸಿಕ್ಕಿತು. ಅದೇ ಟ್ರಾನ್ಸ್‌ಫರ್ ಆರ್‌ಎನ್‌ಎ, ಚಿಕ್ಕದಾಗಿ ಟಿಆರ್‌ಎನ್‌ಎ.

ಇದು ಪುಟ್ಟ ಅಣು, ಸುಮಾರು 76 ಅಕ್ಷರ ಉದ್ದ. ಮಡಚಿಕೊಂಡು ಇಂಗ್ಲಿಷಿನ ಎಲ್ ಅಕ್ಷರದ ಥರ ನಿಂತಿರುತ್ತೆ. ಒಂದು ತುದಿಯಲ್ಲಿ ಮೂರಕ್ಷರ, ಅದು ಕೋಡಾನಿಗೆ ಸರಿಜೋಡಿ. ಎ ಎದುರಿಗೆ ಯು, ಜಿ ಎದುರಿಗೆ ಸಿ. ಇನ್ನೊಂದು ತುದಿಯಲ್ಲಿ ಮಣಿ ನೇತಾಡ್ತಿರುತ್ತೆ. ರಾಬರ್ಟ್ ಹಾಲಿ ಮಾಡಿದ್ದು ಏನು ಗೊತ್ತಾ? ಇಂಥಾ ಒಂದೇ ಒಂದು ಟಿಆರ್‌ಎನ್‌ಎಯಲ್ಲಿ ಯಾವ ಅಕ್ಷರ ಎಲ್ಲಿದೆ ಅಂತ 1965ರಲ್ಲಿ ಪೂರ್ತಿ ಓದಿದ್ದು. ಒಂದು ಗ್ರಾಂ ಶುದ್ಧ ಟಿಆರ್‌ಎನ್‌ಎಗೋಸ್ಕರ ಅವರ ತಂಡ ಬೇಕರಿಯವರು ಬಳಸೋ ಯೀಸ್ಟನ್ನ 140 ಕಿಲೋ ಸೋಸಿತ್ತು. ನಮ್ಮ ಕಡೆ ಬೇಕರಿಯವರಿಗೆ ಕೇಳಿ ನೋಡಿ, 140 ಕಿಲೋ ಯೀಸ್ಟ್ ಅಂದ್ರೆ ಎಷ್ಟು ಬನ್ ಆಗುತ್ತೆ ಅಂತ.

ಇನ್ನು ಪೋಣಿಸೋ ಯಂತ್ರ, ರೈಬೋಸೋಮ್. ಎಷ್ಟು ಚಿಕ್ಕದು ಅಂದ್ರೆ ಒಂದು ಮಿಲಿಮೀಟರಿನಲ್ಲಿ ಸುಮಾರು 40 ಸಾವಿರ ಸಾಲಾಗಿ ನಿಲ್ಲಿಸಬಹುದು. ಎರಡು ಭಾಗ, ಮೇಲೊಂದು ದೊಡ್ಡದು, ಕೆಳಗೊಂದು ಚಿಕ್ಕದು. ಬ್ಯಾಕ್ಟೀರಿಯಾದ ರೈಬೋಸೋಮಿನಲ್ಲಿ ದೊಡ್ಡ ಭಾಗ 50ಎಸ್, ಚಿಕ್ಕದು 30ಎಸ್, ಎರಡೂ ಸೇರಿದ್ರೆ 70ಎಸ್. ಬಿ.ಕಾಂ. ಓದಿದವನಿಗೆ ಇದು ತಡ್ಕೊಳ್ಳೋಕಾಗದ ವಿಷಯ. ಐವತ್ತಕ್ಕೆ ಮೂವತ್ತು ಸೇರಿಸಿದ್ರೆ ಎಪ್ಪತ್ತು ಹೇಗ್ರೀ ಆಗುತ್ತೆ? ಆಮೇಲೆ ಗೊತ್ತಾಯ್ತು, ಎಸ್ ಅನ್ನೋದು ತೂಕ ಅಲ್ಲ. ದ್ರವದಲ್ಲಿ ಹಾಕಿ ಗಿರಗಿರ ತಿರುಗಿಸಿದಾಗ ಎಷ್ಟು ಬೇಗ ತಳಕ್ಕೆ ಇಳಿಯುತ್ತೆ ಅನ್ನೋ ಅಳತೆ. ಆಕಾರ ಬದಲಾದರೆ ಅದೂ ಬದಲಾಗುತ್ತೆ. ನಮ್ಮ ಕೋಶಗಳದ್ದು 60 ಮತ್ತು 40 ಸೇರಿ 80. ಈ 70, 80ರ ವ್ಯತ್ಯಾಸ ದೊಡ್ಡಪ್ಪನ ವಿಷಯಕ್ಕೆ ಬೇಕು, ಆಮೇಲೆ ಬರ್ತೀನಿ.

ಒಳಗೆ ನಡೆಯೋದನ್ನ ದೊಡ್ಡಪ್ಪನ ಬಸ್ಸಿನ ಲೆಕ್ಕದಲ್ಲೇ ಹೇಳ್ತೀನಿ. ರೈಬೋಸೋಮಿನಲ್ಲಿ ಮೂರು ಸೀಟು: ಹತ್ತೋರ ಸೀಟು, ನಡುವಿನ ಸೀಟು, ಇಳಿಯೋರ ಸೀಟು. ಪುಸ್ತಕದಲ್ಲಿ ಎ, ಪಿ, ಇ ಅಂತಿರುತ್ತೆ. ಎಂಆರ್‌ಎನ್‌ಎ ರಸ್ತೆ ಥರ ಕೆಳಗೆ ಸಾಗ್ತಿರುತ್ತೆ. ಸಾಮಾನ್ಯವಾಗಿ ಎಯುಜಿ ಅನ್ನೋ ಕೋಡಾನ್ ಬಂದಲ್ಲಿ "ರೈಟ್ ರೈಟ್", ಬಸ್ಸು ಹೊರಡುತ್ತೆ. ನಡುವಿನ ಸೀಟಿನಲ್ಲಿ ಕೂತ ಟಿಆರ್‌ಎನ್‌ಎ ಕೈಯಲ್ಲಿ ಇಲ್ಲಿವರೆಗೆ ಪೋಣಿಸಿದ ಪೂರ್ತಿ ಸರ ಇರುತ್ತೆ. ಹತ್ತೋರ ಸೀಟಿಗೆ ಹೊಸ ಟಿಆರ್‌ಎನ್‌ಎ ಒಂದು ಮಣಿ ಹಿಡ್ಕೊಂಡು ಬರುತ್ತೆ. ಮೂರಕ್ಷರ ಸರಿಹೊಂದಿದರೆ, ನಡುವಿನವನು ತನ್ನ ಕೈಯಲ್ಲಿರೋ ಅಷ್ಟೂ ಸರವನ್ನ ಈಗ ತಾನೇ ಹತ್ತಿದವನ ಮಣಿಗೆ ಕಟ್ಟಿಬಿಡ್ತಾನೆ. ಆಮೇಲೆ ಎಲ್ಲರೂ ಒಂದೊಂದು ಸೀಟು ಸರೀತಾರೆ, ಕೈ ಖಾಲಿಯಾದವನು ಇಳಿದು ಇನ್ನೊಂದು ಮಣಿ ತರೋಕೆ ಹೋಗ್ತಾನೆ. ಯುಎಎ, ಯುಎಜಿ, ಯುಜಿಎ ಈ ಮೂರರಲ್ಲಿ ಯಾವುದಾದ್ರೂ ಬಂದ್ರೆ "ಹೋಲ್ಡಾನ್", ಸರ ಕಳಚಿ ಹೊರಗೆ. ಬ್ಯಾಕ್ಟೀರಿಯಾದಲ್ಲಿ ಇದು ಸೆಕೆಂಡಿಗೆ 15ರಿಂದ 20 ಮಣಿ ವೇಗದಲ್ಲಿ ನಡೆಯುತ್ತೆ. ನಮ್ಮಲ್ಲಿ ಐದಾರು.

ಇಲ್ಲಿ ನನಗೆ ಒಂದು ಪ್ರಶ್ನೆ ಬಂತು, ಆಡಿಟ್ ಬುದ್ಧಿ. ಟಿಆರ್‌ಎನ್‌ಎಯ ಮೂರಕ್ಷರ ಸರಿ ಇದೆ, ಆದರೆ ಇನ್ನೊಂದು ತುದಿಯಲ್ಲಿ ತಪ್ಪು ಮಣಿ ಇದ್ರೆ? ರೈಬೋಸೋಮ್ ಅದನ್ನ ಹಿಡಿಯುತ್ತಾ?

ಬಹುಮಟ್ಟಿಗೆ ಹಿಡಿಯಲ್ಲ. ಇದನ್ನ ತೋರಿಸಿದ ಪ್ರಯೋಗ 1962ರದ್ದು, ನನಗೆ ಈ ಇಡೀ ವಿಷಯದಲ್ಲಿ ತುಂಬಾ ಇಷ್ಟವಾದ ಪ್ರಯೋಗ. ಫ್ರಾನ್ಸ್ವಾ ಶಾಪ್‌ವಿಲ್, ಫ್ರಿಟ್ಜ್ ಲಿಪ್‌ಮನ್ ಮತ್ತು ಜೊತೆಗಾರರು ಸಿಸ್ಟೀನ್ ಅನ್ನೋ ಮಣಿ ಹೊತ್ತ ಟಿಆರ್‌ಎನ್‌ಎ ತಗೊಂಡರು. ಸಿಸ್ಟೀನಿನಲ್ಲಿ ಗಂಧಕ ಇರುತ್ತೆ. ಒಂದು ಬಗೆಯ ನಿಕ್ಕಲ್ ಹಾಕಿ ಆ ಗಂಧಕವನ್ನ ಕಿತ್ತುಹಾಕಿದ್ರು. ಮಣಿ ಈಗ ಅಲನೈನ್ ಆಯ್ತು. ಆದರೆ ಕೂತಿರೋದು ಸಿಸ್ಟೀನಿನ ಟಿಆರ್‌ಎನ್‌ಎ ಮೇಲೇ. ಅಂದ್ರೆ ಚೀಟಿ ಒಂದು, ಡಬ್ಬದೊಳಗಿನ ಮಾಲು ಇನ್ನೊಂದು. ರೈಬೋಸೋಮಿಗೆ ಕೊಟ್ಟು ನೋಡಿದ್ರೆ, ಸಿಸ್ಟೀನ್ ಇರಬೇಕಾದ ಜಾಗದಲ್ಲೆಲ್ಲ ಅದು ಅಲನೈನನ್ನ ಸಲೀಸಾಗಿ ಪೋಣಿಸಿತ್ತು. ಡಬ್ಬ ಬಿಚ್ಚಿ ನೋಡಲೇ ಇಲ್ಲ. ನಾನು ಆಡಿಟ್ ಕಚೇರಿಯಲ್ಲಿ ಮಾಡ್ತಿದ್ದದ್ದೂ ಅದೇ ತಾನೆ? ಬಿಲ್ ನಂಬರ್ ಲೆಡ್ಜರಿಗೆ ತಾಳೆಯಾದರೆ ಹಸಿರು ಪೆನ್ನಲ್ಲಿ ಟಿಕ್. ಗೋಡೌನಿಗೆ ಹೋಗಿ ಮೂಟೆ ಬಿಚ್ಚಿದವರು ಯಾರೂ ಇಲ್ಲ.

ಹಾಗಾದ್ರೆ ಮಾಲು ನೋಡಿ ಚೀಟಿ ಅಂಟಿಸೋರು ಯಾರು? ಅದಕ್ಕೆ ಬೇರೆ ಕಿಣ್ವಗಳಿವೆ. ಹೆಸರು ಉದ್ದ, ಅಮೈನೋಅಸೈಲ್ ಟಿಆರ್‌ಎನ್‌ಎ ಸಿಂಥಟೇಸ್. ನೆನಪಿಟ್ಟುಕೊಳ್ಳೋದು ಬೇಡ. ಒಂದೊಂದು ಮಣಿಗೆ ಒಂದೊಂದು ಅನ್ನೋ ಲೆಕ್ಕದಲ್ಲಿ ಸುಮಾರು 20. ಇವೇ ನಿಜವಾಗಿ ಎರಡೂ ಭಾಷೆ ಬಲ್ಲವು. ಐಸೊಲ್ಯೂಸಿನ್, ವ್ಯಾಲೀನ್ ಅಂತ ಎರಡು ಮಣಿ ಇವೆ, ಅವಳಿ ಥರ, ವ್ಯಾಲೀನ್ ಕೂದಲೆಳೆಯಷ್ಟು ಚಿಕ್ಕದು. ತಪ್ಪಿ ವ್ಯಾಲೀನ್ ಬಂದು ಐಸೊಲ್ಯೂಸಿನ್ ಜಾಗದಲ್ಲಿ ಕೂತರೆ, ಆ ಕಿಣ್ವಕ್ಕೆ ಇನ್ನೊಂದು ಗೂಡಿದೆ. ಅದರೊಳಗೆ ಚಿಕ್ಕ ಮಣಿ ಮಾತ್ರ ತೂರುತ್ತೆ, ತೂರಿದ್ದನ್ನ ಕತ್ತರಿಸಿ ಬಿಸಾಕುತ್ತೆ. ಜರಡಿಯಲ್ಲಿ ಎರಡು ಸಲ ಆಡಿಸಿದ ಹಾಗೆ.

ಅಲ್ಲಿಗೆ ಮಾಲಿನ ತಪಾಸಣೆ ಮುಗೀತು. ರೈಬೋಸೋಮಿನದ್ದು ಚೀಟಿ ತಪಾಸಣೆ, ಮೂರಕ್ಷರ ತಾಳೆ ನೋಡೋದು. ಆದರೆ ಇದನ್ನ ಅದು ಬಹಳ ನಿಷ್ಠೆಯಿಂದ ಮಾಡುತ್ತೆ. ಹೇಗೆ ಅಂತ ತೋರಿಸಿದ್ದು ವೆಂಕಿ ರಾಮಕೃಷ್ಣನ್ ತಂಡ. ಚಿದಂಬರದಲ್ಲಿ ಹುಟ್ಟಿ, ಬರೋಡದಲ್ಲಿ ಫಿಸಿಕ್ಸ್ ಡಿಗ್ರಿ ಮಾಡಿ, ಅದರಲ್ಲೇ ಪಿಎಚ್‌ಡಿನೂ ಮುಗಿಸಿ ಬಯಾಲಜಿಗೆ ಬಂದವರು. ಕಾಮರ್ಸಿನವನಿಗೆ ಇದು ಸ್ವಲ್ಪ ಧೈರ್ಯ ಕೊಡೋ ವಿಷಯ. 2000ದಲ್ಲಿ ಅವರು 30ಎಸ್ ಭಾಗದ ಪರಮಾಣು ಮಟ್ಟದ ನಕ್ಷೆ ಪ್ರಕಟಿಸಿದರು. 2009ರಲ್ಲಿ ಥಾಮಸ್ ಸ್ಟೈಟ್ಸ್, ಆಡಾ ಯೋನತ್ ಜೊತೆ ನೊಬೆಲ್. ಅವರ ನಕ್ಷೆಗಳಲ್ಲಿ ಕಾಣೋದೇನಂದ್ರೆ, ಹತ್ತೋರ ಸೀಟಿನ ಪಕ್ಕದಲ್ಲಿ ರೈಬೋಸೋಮಿನ ಸ್ವಂತ ಆರ್‌ಎನ್‌ಎಯ ಎರಡು ಅಕ್ಷರ, 1492ನೇ ಎ ಮತ್ತು 1493ನೇ ಎ, ಬೆರಳಿನ ಹಾಗೆ ಹೊರಗೆ ಚಾಚಿ, ಕೋಡಾನ್ ಜೋಡಿ ಸರಿಯಾಗಿ ಕೂತಿದೆಯಾ ಅಂತ ಸವರಿ ನೋಡ್ತವೆ. ಕುರುಡರು ನೋಟನ್ನ ತಡವಿ ಹೇಳ್ತಾರಲ್ಲ, ಹಾಗೆ. ಮೊದಲ ಎರಡಕ್ಷರಕ್ಕೆ ಬಿಗಿ, ಮೂರನೆಯದಕ್ಕೆ ಸ್ವಲ್ಪ ಸಡಿಲ. ಸರಿ ಇದ್ದರೆ 30ಎಸ್ ಭಾಗ ಮುಚ್ಚಿಕೊಂಡು ಬಂದವನನ್ನ ಹಿಡಿಯುತ್ತೆ. ತಪ್ಪಿದ್ರೆ ಸಡಿಲವಾಗೇ ಇರುತ್ತೆ, ಬಂದವನು ಜಾರಿ ಹೋಗ್ತಾನೆ. ಆಗಲೂ ನುಸುಳಿದವನನ್ನ ಹೊರಹಾಕೋಕೆ ಇನ್ನೊಂದು ಅವಕಾಶ ಇದೆ. ಇಷ್ಟೆಲ್ಲ ಆದ ಮೇಲೆ ತಪ್ಪಾಗೋದು ಸಾವಿರದಿಂದ ಹತ್ತು ಸಾವಿರ ಮಣಿಗೆ ಒಂದರ ಆಸುಪಾಸು.

ಈಗ ದೊಡ್ಡಪ್ಪನ ಇಂಜೆಕ್ಷನ್.

ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ, ಅಮೆರಿಕದ ರಟ್ಗರ್ಸಿನಲ್ಲಿ, ಮಣ್ಣಿನ ಬ್ಯಾಕ್ಟೀರಿಯಾದಿಂದ. ಕಂಡುಹಿಡಿದ ವಿದ್ಯಾರ್ಥಿ ಆಲ್ಬರ್ಟ್ ಶಾಟ್ಸ್, ನೊಬೆಲ್ ಬಂದಿದ್ದು ಅವನ ಗುರು ಸೆಲ್ಮನ್ ವಾಕ್ಸ್‌ಮನ್ ಒಬ್ಬರಿಗೇ. ಆ ಜಗಳ ಬೇರೆ ಸಂಚಿಕೆಗೆ. ಈ ಔಷಧ ಹೋಗಿ ಕೂರೋದು ಎಲ್ಲಿ ಅಂದ್ರೆ, ನಾನು ಈಗ ಹೇಳಿದ ತಾಳೆ ನೋಡೋ ಜಾಗದ ಪಕ್ಕದಲ್ಲೇ. ಕೂತು 30ಎಸ್ ಭಾಗವನ್ನ "ಹಿಡಿದುಕೋ" ಅನ್ನೋ ಕಡೆಗೆ ವಾಲಿಸಿಬಿಡುತ್ತೆ. ತಾಳೆಯಾಗದ ಟಿಆರ್‌ಎನ್‌ಎಗಳೂ ಒಳಗೆ ಬರ್ತವೆ. ಟಿಕೆಟ್ ನೋಡದೆ "ರೈಟ್ ರೈಟ್" ಅನ್ನೋ ಕಂಡಕ್ಟರ್. ಸರದ ತುಂಬ ತಪ್ಪು ಮಣಿ. ಅಂಥ ಕೆಟ್ಟ ಪ್ರೊಟೀನುಗಳು ಬ್ಯಾಕ್ಟೀರಿಯಾದ ಪೊರೆಗೆ ಸೇರಿದರೆ ಪೊರೆ ಸೋರೋಕೆ ಶುರುವಾಗಿ, ಔಷಧ ಇನ್ನಷ್ಟು ಒಳಗೆ ನುಗ್ಗುತ್ತೆ. ಟಿಬಿ ಬ್ಯಾಕ್ಟೀರಿಯಾ ಸಾಯುತ್ತೆ. ದೊಡ್ಡಪ್ಪನನ್ನ ಬದುಕಿಸಿದ್ದರಲ್ಲಿ ಇದರ ಪಾಲಿದೆ. ಇದನ್ನ ಮರೀಬಾರದು.

ನಮ್ಮ ರೈಬೋಸೋಮ್ 80ಎಸ್, ಆ ಜಾಗದ ಅಕ್ಷರಗಳು ಸ್ವಲ್ಪ ಬೇರೆ, ಹಾಗಾಗಿ ಔಷಧ ಅಲ್ಲಿ ಸರಿಯಾಗಿ ಕೂರಲ್ಲ. ಹಾಗಿದ್ರೆ ನಮಗೇನೂ ಆಗಬಾರದಿತ್ತಲ್ಲ?

ನಮ್ಮ ಕೋಶದೊಳಗೆ ಇನ್ನೊಂದು ಜಾತಿ ರೈಬೋಸೋಮ್ ಇದೆ. ಕೋಶಕ್ಕೆ ಶಕ್ತಿ ಮಾಡಿಕೊಡೋ ಮೈಟೋಕಾಂಡ್ರಿಯಾ ಕೋಟ್ಯಂತರ ವರ್ಷದ ಹಿಂದೆ ಸ್ವತಂತ್ರವಾಗಿ ಬದುಕಿದ್ದ ಬ್ಯಾಕ್ಟೀರಿಯಾ. ನಮ್ಮ ಪೂರ್ವಜ ಕೋಶದೊಳಗೆ ಸೇರಿಕೊಂಡು ಇಲ್ಲೇ ಉಳಿದವು. ಬರುವಾಗ ರೈಬೋಸೋಮನ್ನೂ ತಂದವು, ಇವತ್ತಿಗೂ ಅದರಲ್ಲೇ ತಮ್ಮ 13 ಪ್ರೊಟೀನುಗಳನ್ನ ಮಾಡ್ಕೊಳ್ತವೆ. ಅದರ ತಾಳೆ ನೋಡೋ ಜಾಗ ಬ್ಯಾಕ್ಟೀರಿಯಾದ್ದನ್ನ ಹೋಲುತ್ತೆ. ಒಳಕಿವಿಯಲ್ಲಿ ಕೂದಲು ಕೋಶ ಅಂತಿವೆ, ಒಂದಷ್ಟು ಶಬ್ದ ಕೇಳಿಸೋಕೆ, ಒಂದಷ್ಟು ನಾವು ವಾಲ್ತಿದ್ದೀವಾ ನೆಟ್ಟಗಿದ್ದೀವಾ ಅಂತ ಹೇಳೋಕೆ. ಸ್ಟ್ರೆಪ್ಟೊಮೈಸಿನ್ ಆ ಕೋಶಗಳೊಳಗೆ ಹೋಗಿ ನಿಂತುಬಿಡುತ್ತೆ, ಬೇಗ ಹೊರಗೆ ಬರಲ್ಲ. ಅಲ್ಲಿ ಮೈಟೋಕಾಂಡ್ರಿಯಾ ಕೆಡೋದು ಹಾನಿಯ ದಾರಿಗಳಲ್ಲಿ ಒಂದು. ಸತ್ತ ಕೂದಲು ಕೋಶ ಮನುಷ್ಯರಲ್ಲಿ ಮತ್ತೆ ಹುಟ್ಟೋದಿಲ್ಲ ಅಂತಲೇ ಹೇಳಬೇಕು. ಈ ಗುಂಪಿನ ಔಷಧಗಳಲ್ಲಿ ಅಮಿಕಾಸಿನ್ ಹೆಚ್ಚಾಗಿ ಕೇಳೋ ಶಕ್ತಿಗೆ ಹೊಡೆಯುತ್ತೆ, ಸ್ಟ್ರೆಪ್ಟೊಮೈಸಿನ್ ಹೆಚ್ಚಾಗಿ ಸಮತೋಲಕ್ಕೆ.

1952ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಒಬ್ಬ ವೈದ್ಯರು ತಮ್ಮದೇ ಅನುಭವ ಬರೆದಿದ್ದಾರೆ. ಹೆಸರಿಲ್ಲ, ಜೆ.ಸಿ. ಅಂತ ಎರಡೇ ಅಕ್ಷರ. ಸ್ಟ್ರೆಪ್ಟೊಮೈಸಿನ್ ತಗೊಂಡ ಮೇಲೆ ಅವರಿಗೆ ಓದಬೇಕು ಅಂದ್ರೆ ಮಂಚದ ತಲೆಭಾಗದ ಕಂಬಿಗಳ ನಡುವೆ ತಲೆ ಸಿಕ್ಕಿಸಿಕೊಳ್ಳಬೇಕಿತ್ತಂತೆ. ನಾಡಿ ಮಿಡಿದಾಗ ಆಗೋ ಅಲುಗಾಟಕ್ಕೂ ಅಕ್ಷರ ಕುಣೀತಿದ್ದವು. ಇದನ್ನ ಓದಿದಾಗ ನಾನು ಫೋನ್ ಕೆಳಗಿಟ್ಟೆ. ದೊಡ್ಡಪ್ಪ ಯಾವಾಗಲೂ ಹೇಳ್ತಿದ್ದರು, "ನಡೀತಾ ನಡೀತಾ ಅಂಗಡಿ ಬೋರ್ಡೆಲ್ಲ ಕುಣೀತಾವೆ ಕಣಪ್ಪ" ಅಂತ. ನಾವು ಕಣ್ಣು ಮಂಜು ಅಂದ್ಕೊಂಡು ಕನ್ನಡಕ ಮಾಡಿಸಿದ್ವಿ.

ಕೇಳ್ತಿರೋರಲ್ಲಿ ಯಾರ ಮನೇಲಾದ್ರೂ ಟಿಬಿ ಇದ್ದರೆ ಗಾಬರಿ ಬೀಳಬೇಡಿ. ಈಗಿನ ಸಾಮಾನ್ಯ ಚಿಕಿತ್ಸೆ ಮಾತ್ರೆಗಳದ್ದು. ಎರಡನೇ ಸಲ ಬಂದವರಿಗೆ ಸ್ಟ್ರೆಪ್ಟೊಮೈಸಿನ್ ಸೇರಿಸಿ ಕೊಡ್ತಿದ್ದ ಹಳೇ ಕ್ರಮ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲೇ ಹೇಳಿದೆ. ಮಾತ್ರೆ ಮಾತ್ರ ನೀವಾಗಿ ನಿಲ್ಲಿಸಬೇಡಿ. ಔಷಧ ಸರಿಯಾಗಿ ಪೂರ್ತಿಯಾಗದಿದ್ರೆ ಏನಾಗುತ್ತೆ ಅನ್ನೋದಕ್ಕೂ ರೈಬೋಸೋಮಲ್ಲೇ ಉದಾಹರಣೆ ಇದೆ. ಅದರ ಎಸ್12 ಅನ್ನೋ ಪ್ರೊಟೀನಿನಲ್ಲಿ 43ನೇ ಮಣಿಯ ಕೋಡಾನ್ ಎಎಜಿ. ನಡುವಿನ ಎ ಹೋಗಿ ಜಿ ಆದರೆ ಸಾಕು, ಸ್ಟ್ರೆಪ್ಟೊಮೈಸಿನ್ ಕೆಲಸ ಮಾಡಲ್ಲ. ಅಂಥ ಒಂದೆರಡು ಬ್ಯಾಕ್ಟೀರಿಯಾ ಉಳಿದುಕೊಂಡರೆ ಮುಂದೆ ಬೆಳೆಯೋದೆಲ್ಲ ಅವುಗಳ ಸಂತಾನವೇ.

ಇನ್ನೊಂದು. ಅಮಿಕಾಸಿನ್, ಜೆಂಟಮೈಸಿನ್ ಇಂಜೆಕ್ಷನ್‌ಗಳನ್ನ ಬೇರೆ ಸೋಂಕುಗಳಿಗೆ ಈಗಲೂ ಕೊಡ್ತಾರೆ, ಜೀವ ಉಳಿಸ್ತವೆ. ಕೊಡೋವಾಗ ಕಿವಿ ಗುಂಯ್ ಅಂದ್ರೆ, ನಡಿಗೆ ತೂರಾಡಿದ್ರೆ ಅವತ್ತೇ ಡಾಕ್ಟರಿಗೆ ಹೇಳಿ. ಕೆಲವರ ಮೈಟೋಕಾಂಡ್ರಿಯಾದ ರೈಬೋಸೋಮ್ ಆರ್‌ಎನ್‌ಎಯಲ್ಲಿ 1555ನೇ ಅಕ್ಷರ ಎ ಬದಲು ಜಿ ಆಗಿರುತ್ತೆ. ಅಷ್ಟಕ್ಕೇ ಅದು ಇನ್ನಷ್ಟು ಬ್ಯಾಕ್ಟೀರಿಯಾದ ಥರ ಆಗಿ, ಈ ಔಷಧ ಗಟ್ಟಿಯಾಗಿ ಕೂತು ಕಿವಿ ಕೇಳದೇ ಹೋಗಬಹುದು. ಇದು ತಾಯಿಯಿಂದ ಮಾತ್ರ ಬರೋದು. ದೊಡ್ಡಪ್ಪಂದು ಸಮತೋಲದ ತೊಂದರೆ, ಬಹುಶಃ ಇದಲ್ಲ. ಆದರೆ ನಿಮ್ಮ ತಾಯಿ ಕಡೆ ಯಾರಿಗಾದ್ರೂ ಇಂಜೆಕ್ಷನ್ ಆದ ಮೇಲೆ ಕಿವುಡು ಬಂದಿದ್ರೆ ಡಾಕ್ಟರಿಗೆ ತಿಳಿಸಿಡಿ.

ಈ ಸಂಚಿಕೆ ರೆಕಾರ್ಡ್ ಮಾಡೋಕೆ ಮುಂಚೆ ದೊಡ್ಡಪ್ಪನಿಗೆ ಫೋನ್ ಮಾಡಿ ಇದಷ್ಟನ್ನೂ ಹೇಳಿದೆ. ಮೂರು ಸೀಟು, ಟಿಕೆಟ್, ರೈಟ್ ರೈಟ್, ಎಲ್ಲ. ಪೂರ್ತಿ ಕೇಳಿ, "ಹಂಗಾರೆ ಆಯಮ್ಮ ನರಕ್ಕೆ ಚುಚ್ಚಿರಲಿಲ್ಲ ಅಂತೀಯ?" ಅಂದ್ರು.

"ಇಲ್ಲ ದೊಡ್ಡಪ್ಪ. ಸರಿಯಾಗೇ ಚುಚ್ಚಿದ್ದಾರೆ."

ಸ್ವಲ್ಪ ಹೊತ್ತು ಸುಮ್ಮನಿದ್ದರು. ಅಂಗಡಿಗೆ ಯಾರೋ ಬೀಡಿ ಕೇಳ್ಕೊಂಡು ಬಂದಿದ್ದು ಕೇಳಿಸ್ತು. ಆಮೇಲೆ ಹೇಳಿದ್ರು, "ಆಯಮ್ಮ ರಿಟೈರಾಗಿ ಇಲ್ಲೇ ಅವಳೆ ಕಣೋ. ಶನಿವಾರ ಸಂತೇಲಿ ಎದುರು ಸಿಕ್ತಾಳೆ. ಇಪ್ಪತ್ತು ವರ್ಷದಿಂದ ಮಾತಾಡ್ಸಿಲ್ಲ ನಾನು."

ಮುಂದಿನ ವಾರ ಸಿಗೋಣ.